ಐದನೆಯ ಕಾರು

ಶಾಲೆಗಳಿಗೆ ಬೇಸಿಗೆ ರಜೆ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಆಫೀಸಿಗೆ ಹೊರಟವರಿಗೆ ರಸ್ತೆ ಬೇರೆಯೇ ಆಗಿ ಕಾಣುತ್ತದೆ. ವಾಹನಗಳೇನೂ ಮಾಯವಾಗಿರುವುದಿಲ್ಲ, ಮೊದಲಿಗಿಂತ ಒಂದಿಷ್ಟು ಕಡಿಮೆ, ಅಷ್ಟೇ. ಆದರೂ ದಾರಿ ಎಷ್ಟೋ ಬೇಗ ಸವೆಯುತ್ತದೆ. ಒಂದಿಷ್ಟು ವಾಹನ ಇಳಿದದ್ದಕ್ಕೆ ಇಷ್ಟೊಂದು ಹೊತ್ತು ಹೇಗೆ ಉಳಿಯಿತು? ನಗರದ ನಡುಭಾಗಕ್ಕೆ ಬರುವ ಕಾರಿಗೆ ಶುಲ್ಕ ಹಾಕುವ ಯೋಚನೆಯ ಬುಡದಲ್ಲಿರುವುದು ಈ ಪ್ರಶ್ನೆಯೇ.

ಹೆದ್ದಾರಿಯ ಒಂದು ಲೇನಿನಲ್ಲಿ ಎಲ್ಲ ಸರಾಗವಾಗಿದ್ದರೆ ಗಂಟೆಗೆ ಸುಮಾರು 2,000 ವಾಹನಗಳು ದಾಟಬಲ್ಲವು. ಆ ಮಿತಿ ಇನ್ನೂ ದೂರವಿರುವಾಗ ಹತ್ತು ಕಾರು ಹೆಚ್ಚಾದರೂ ಯಾರಿಗೂ ಗೊತ್ತಾಗುವುದಿಲ್ಲ. ಮಿತಿ ಮುಟ್ಟಿದ ಮೇಲೆ ಕಥೆಯೇ ಬೇರೆ. ಮುಂದಿನವರು ಬ್ರೇಕಿನ ಮೇಲೆ ಕಾಲಿಟ್ಟರೆ ಹಿಂದಿನವರು ಕ್ಷಣ ತಡವಾಗಿ, ಇನ್ನೂ ಜೋರಾಗಿ ಒತ್ತುತ್ತಾರೆ. ಅವರ ಹಿಂದಿನವರು ನಿಂತೇಬಿಡುತ್ತಾರೆ. ಜಪಾನಿನ ಸಂಶೋಧಕರು ಇದನ್ನು ಕಣ್ಣಾರೆ ಕಾಣುವಂತೆ ಮಾಡಿದರು. 230 ಮೀಟರ್ ಸುತ್ತಳತೆಯ ಬಯಲಿನ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡಿಸುತ್ತಿರಿ ಎಂದರು. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ಒಂದರ ಹಿಂದೊಂದು ನಿಂತವು. ಮುಂದಿನ ಕಾರು ಬಿಡಿಸಿಕೊಂಡು ಹೊರಟರೆ ಹಿಂದಿನಿಂದ ಇನ್ನೊಂದು ಬಂದು ಸಿಕ್ಕಿಕೊಳ್ಳುತ್ತಿತ್ತು. ಹೀಗೆ ಆ ಗಂಟು ಅಲೆಯಂತೆ ಹಿಂದಕ್ಕೆ ಸರಿಯುತ್ತಾ ಹೋಯಿತು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ತಪ್ಪು ಯಾರದೂ ಅಲ್ಲ. ಇದ್ದ ಜಾಗಕ್ಕೆ ಕಾರುಗಳೇ ಹೆಚ್ಚಾಗಿದ್ದವು.

ಕಟ್ಟಿಕೊಂಡ ರಸ್ತೆ ಬರೀ ನಿಧಾನವಾಗುವುದಿಲ್ಲ. ಸರಾಗವಾಗಿದ್ದಾಗ ಗಂಟೆಗೆ ದಾಟಿಸುತ್ತಿದ್ದಷ್ಟು ವಾಹನಗಳನ್ನೂ ಅದು ದಾಟಿಸಲಾರದು. ಜನಕ್ಕೆ ರಸ್ತೆ ತೀರಾ ಬೇಕಾದ ಹೊತ್ತಿನಲ್ಲೇ ಅದರ ಕಸುವು ಕುಗ್ಗುತ್ತದೆ.

ಅಂಥ ಹೊತ್ತಿನಲ್ಲಿ ಸಾಲಿಗೆ ಸೇರುವ ಇನ್ನೊಂದು ಕಾರು ತನ್ನ ಹೊತ್ತನ್ನಷ್ಟೇ ಕಳೆದುಕೊಳ್ಳುವುದಿಲ್ಲ, ಹಿಂದಿರುವ ನೂರಾರು ಜನರ ಒಂದೊಂದು ಚೂರು ಹೊತ್ತನ್ನೂ ಕಸಿಯುತ್ತದೆ. ಪೆಟ್ರೋಲಿಗೆ ಕೊಡುವ ದುಡ್ಡಿನಲ್ಲಿ ಆ ಲೆಕ್ಕ ಸೇರಿಲ್ಲ. ಅದನ್ನು ಸೇರಿಸಬೇಕೆಂದು 1950ರ ದಶಕದಿಂದಲೇ ವಾದಿಸುತ್ತಾ ಬಂದವರು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ತೀರಿಕೊಂಡರು. ಅವರ ಮಾತನ್ನು ಮೊದಲು ಬೀದಿಗಿಳಿಸಿದ್ದು ಸಿಂಗಪುರ, 1975ರಲ್ಲಿ, ಗಾಜಿಗೆ ಅಂಟಿಸುವ ಕಾಗದದ ಪರವಾನಗಿಯೊಂದಿಗೆ. 2003ರಲ್ಲಿ ಲಂಡನ್, 2025ರ ಜನವರಿಯಲ್ಲಿ ನ್ಯೂಯಾರ್ಕ್ ಇದೇ ದಾರಿ ಹಿಡಿದವು.

ಆದರೆ ಇದನ್ನು ಮೊದಲು ಪರೀಕ್ಷಿಸಿ ನೋಡಿ, ಆಮೇಲೆ ಜನರನ್ನು ಕೇಳಿದ ಊರು ಸ್ವೀಡನ್ನಿನ ಸ್ಟಾಕ್‌ಹೋಮ್. ದ್ವೀಪಗಳ ಮೇಲೆ ಹರಡಿರುವ ನಗರವದು. ಒಳಭಾಗಕ್ಕೆ ಹೆಚ್ಚಿನ ದಾರಿಗಳು ಸೇತುವೆಗಳ ಮೇಲೇ ಹಾದುಬರುವುದರಿಂದ 18 ಕಡೆ ಕಾವಲಿಟ್ಟರೆ ಸಾಕಾಯಿತು. ಕಾವಲು ಎಂದರೆ ರಸ್ತೆಯ ಮೇಲೊಂದು ಕಬ್ಬಿಣದ ಕಮಾನು, ಅದರಲ್ಲಿ ಕ್ಯಾಮೆರಾ. ಗೇಟಿಲ್ಲ, ಬೂತಿಲ್ಲ, ವೇಗ ತಗ್ಗಿಸಬೇಕಾಗಿಲ್ಲ. ಕಾರು ಅಡಿಯಲ್ಲಿ ಹಾದಾಗ ನಂಬರ್ ಪ್ಲೇಟಿನ ಚಿತ್ರ ಬೀಳುತ್ತದೆ. 2006ರ ಜನವರಿ 3ರಂದು ಪ್ರಯೋಗ ಶುರುವಾಯಿತು. ಆಗ ಒಮ್ಮೆ ದಾಟಿದರೆ ಹೊತ್ತಿಗೆ ತಕ್ಕಂತೆ 10, 15 ಅಥವಾ 20 ಕ್ರೋನಾ, ದಿನಕ್ಕೆ ಹೆಚ್ಚೆಂದರೆ 60. ರಾತ್ರಿ ಮತ್ತು ಶನಿವಾರ, ಭಾನುವಾರ ಬಿಟ್ಟಿ.

ಗಡಿ ದಾಟುವ ವಾಹನಗಳು ಸುಮಾರು ಶೇಕಡಾ 20ರಷ್ಟು ಇಳಿದವು. ಐದರಲ್ಲಿ ಒಂದು ಹೋಯಿತು, ನಾಲ್ಕು ಹಾಗೇ ಉಳಿದವು. ಆದರೆ ಮುಖ್ಯ ದಾರಿಗಳಲ್ಲಿ ಸಾಲಿನಲ್ಲಿ ಕಾಯುವ ಹೊತ್ತು ಶೇಕಡಾ 30ರಿಂದ 50ರಷ್ಟು ಇಳಿಯಿತು. ಜುಲೈ 31ಕ್ಕೆ ಪ್ರಯೋಗ ಮುಗಿದು ಕ್ಯಾಮೆರಾ ನಿಂತಿತು. ಕಾರುಗಳು ಬಹುಪಾಲು ಮರಳಿ ಬಂದವು. ಸೆಪ್ಟೆಂಬರಿನಲ್ಲಿ ಜನಮತ ಕೇಳಿದಾಗ ನಗರದೊಳಗಿನವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಶುಲ್ಕ ಇರಲಿ ಎಂದರು. ಪ್ರಯೋಗಕ್ಕೆ ಮೊದಲು ಬಹುಮತ ಇದಕ್ಕೆ ವಿರುದ್ಧವಿತ್ತು. ಸುತ್ತಲಿನ ಹಲವು ಪುರಸಭೆಗಳೂ ಮತದಾನ ನಡೆಸಿದವು, ಅಲ್ಲಿ ಒಟ್ಟಾರೆ ಬೇಡವೆಂಬ ಮಾತೇ ಗೆದ್ದಿತು. ದುಡ್ಡು ಕೊಟ್ಟು ಒಳಗೆ ಬರಬೇಕಾದವರು ಅವರು. ಅವರ ಸಿಟ್ಟನ್ನು ತಳ್ಳಿಹಾಕುವಂತಿಲ್ಲ. 2007ರ ಆಗಸ್ಟಿನಿಂದ ಶುಲ್ಕ ಕಾಯಂ ಆಯಿತು.

ಉಳಿದ ನಿಮಿಷಗಳಿಗಿಂತ ನನಗೆ ದೊಡ್ಡದಾಗಿ ಕಾಣುವ ಲೆಕ್ಕ ಇನ್ನೊಂದಿದೆ. ಶುಲ್ಕದ ನಂತರ ಸ್ಟಾಕ್‌ಹೋಮಿನ ಗಾಳಿಯ ಮಾಲಿನ್ಯ ಶೇಕಡಾ 5ರಿಂದ 15ರಷ್ಟು ತಗ್ಗಿತೆಂದು ಆರೋಗ್ಯ ದಾಖಲೆಗಳನ್ನು ಜಾಲಾಡಿದ ಸಂಶೋಧಕರು ಕಂಡುಕೊಂಡರು. ಪುಟ್ಟ ಮಕ್ಕಳಿಗೆ ಉಬ್ಬಸ ಜೋರಾಗಿ ಚಿಕಿತ್ಸೆಗೆ ಕರೆತರುವ ಪ್ರಸಂಗಗಳೂ ಕಡಿಮೆಯಾದವು. ಗಾಳಿ ಬೇಗ ತಿಳಿಯಾಯಿತು, ಎಳೆಯ ಶ್ವಾಸಕೋಶಗಳು ಚೇತರಿಸಿಕೊಳ್ಳಲು ಇನ್ನಷ್ಟು ಕಾಲ ಹಿಡಿಯಿತು. ಆ ಮಕ್ಕಳಲ್ಲಿ ಯಾರೂ ಕಾರು ಓಡಿಸಿದವರಲ್ಲ.

ಬಡವರ ಗತಿಯೇನು ಎಂಬ ಪ್ರಶ್ನೆ ಎಲ್ಲ ಊರಿನಲ್ಲೂ ಏಳುತ್ತದೆ, ಏಳಲೇಬೇಕು. ಸ್ಟಾಕ್‌ಹೋಮ್ ಅದಕ್ಕೆ ಮೊದಲೇ ಸಿದ್ಧವಾಗಿತ್ತು: ಶುಲ್ಕಕ್ಕಿಂತ ತಿಂಗಳುಗಳ ಮುಂಚೆ, 2005ರ ಆಗಸ್ಟಿನಲ್ಲಿ, ಸುಮಾರು 200 ಹೊಸ ಬಸ್ಸುಗಳು ಮತ್ತು 16 ಹೊಸ ಮಾರ್ಗಗಳು ಬಂದವು. ಬಸ್ಸು ಬಂದ ಮಾತ್ರಕ್ಕೆ ಕಾರುಗಳು ಅಷ್ಟೇನೂ ಇಳಿಯಲಿಲ್ಲ ಎನ್ನುವುದೂ ನಿಜ. ಆದರೆ ಕಾರು ಬಿಟ್ಟವರು ಹತ್ತಲು ಏನಾದರೂ ಇರಬೇಕಲ್ಲ! ಬೆಂಗಳೂರಿನಲ್ಲಿ ಈ ಶುಲ್ಕದ ಮಾತು ಆಗಾಗ ತಲೆ ಎತ್ತುತ್ತದೆ. ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದವರ ಮುಂದೆ ಆ ಮಾತು ಎತ್ತುವುದು ನ್ಯಾಯವಲ್ಲ. ಬಸ್ಸು ಮೊದಲು, ಕ್ಯಾಮೆರಾ ಆಮೇಲೆ.

ಹಾಗಾದರೆ ಆ ಐದನೆಯ ಕಾರು ಯಾರದು? ಸ್ಟಾಕ್‌ಹೋಮಿನ ಪ್ರಯೋಗವನ್ನು ಅಳೆದು ನೋಡಿದ ಸಂಶೋಧಕ ಯೋನಾಸ್ ಎಲಿಯಾಸನ್ ಇದರ ಬೆನ್ನು ಹತ್ತಿದರು. ದಿನದಿನವೂ ಅದೇ ಜನ ಅದೇ ರಸ್ತೆಯಲ್ಲಿ ಬರುತ್ತಾರೆಂಬ ನಮ್ಮ ಕಲ್ಪನೆಯೇ ಸರಿಯಲ್ಲ ಎನ್ನುತ್ತಾರೆ ಅವರು. ಒಬ್ಬರು ವಾರಕ್ಕೊಂದು ಸಲ ಬರುವುದನ್ನು ಬಿಟ್ಟರು, ಇನ್ನೊಬ್ಬರು ಎರಡು ಕೆಲಸ ಸೇರಿಸಿ ಒಂದೇ ಸಲ ಬಂದರು, ಮತ್ತೊಬ್ಬರು ತಮ್ಮ ಬಡಾವಣೆಯಲ್ಲೇ ಸಾಮಾನು ಕೊಂಡರು. ಜನರನ್ನು ಕೇಳಿದರೆ ಬಹಳ ಮಂದಿ, ನಾವೇನೂ ಬದಲಾಗಿಲ್ಲ, ಮೊದಲಿನಂತೆಯೇ ಓಡಾಡುತ್ತಿದ್ದೇವೆ ಎಂದರು.