ಕರೆಯದವರ ಕರೆಗಂಟೆ

ಅಮೆರಿಕದ ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ರೈಲ್ವೆಯನ್ನು ನಂಬಿಕೊಂಡಿದ್ದ ಸಣ್ಣ ಊರು. ಯೂನಿಯನ್ ಪೆಸಿಫಿಕ್ ರೈಲ್ವೆಯ ಕೆಲಸಗಾರರಲ್ಲಿ ಅನೇಕರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಯಾರೋ ಬಂದು ಬಾಗಿಲು ಬಡಿಯುತ್ತಿದ್ದರು. 1931ರಲ್ಲಿ ಆ ಊರಿನ ಆಡಳಿತ ಒಂದು ಕಟ್ಟಳೆ ತಂದಿತು. ಮನೆಯವರು ಕರೆಯದೆ ಮಾರಾಟಕ್ಕೆಂದು ಮನೆ ಬಾಗಿಲಿಗೆ ಹೋಗುವುದು ಉಪದ್ರವ, ಅದಕ್ಕೆ ಶಿಕ್ಷೆ ಉಂಟು ಎಂದು ಸಾರಿತು.

ಇದನ್ನು ಪ್ರಶ್ನಿಸಿದ್ದು ಫುಲ್ಲರ್ ಬ್ರಷ್ ಕಂಪನಿ. ಆಲ್ಫ್ರೆಡ್ ಫುಲ್ಲರ್ 1906ರಲ್ಲಿ ಶುರುಮಾಡಿದ ಈ ಕಂಪನಿಯ ವ್ಯಾಪಾರವೆಲ್ಲ ಮನೆ ಮನೆ ತಿರುಗುವ ಸೇಲ್ಸ್‌ಮನ್‌ಗಳದ್ದು. ಆದರೆ 1933ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಊರಿನ ಪರ ನಿಂತಿತು. ಆಮೇಲೆ ಬೇರೆ ಬೇರೆ ಊರುಗಳು ಅದೇ ಕಟ್ಟಳೆಯನ್ನು ತಮ್ಮದಾಗಿಸಿಕೊಂಡವು. ಲೂಸಿಯಾನಾದ ಅಲೆಕ್ಸಾಂಡ್ರಿಯಾದಲ್ಲಿ ಪತ್ರಿಕೆಗಳ ಚಂದಾ ಮಾರುತ್ತಿದ್ದವನೊಬ್ಬ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದ. 1951ರಲ್ಲಿ ಅವನೂ ಸೋತ. ಧರ್ಮಪ್ರಚಾರದ ಕರಪತ್ರ ಹಂಚುವವರನ್ನು ತಡೆದ ಇನ್ನೊಂದು ಊರಿನ ಕಟ್ಟಳೆಯನ್ನು ಇದೇ ಕೋರ್ಟು 1943ರಲ್ಲಿ ಹೊಡೆದುಹಾಕಿತ್ತು. ವಿಚಾರ ಹಂಚುವುದು ಬೇರೆ, ಸರಕು ಮಾರುವುದು ಬೇರೆ ಎಂಬ ಗೆರೆ ಹೀಗೆ ಮೂಡಿತು.

ಫುಲ್ಲರ್‌ನ ಸೇಲ್ಸ್‌ಮನ್‌ಗಳು ಬರಿಗೈಲಿ ಬರುತ್ತಿರಲಿಲ್ಲ. ಸಣ್ಣದೊಂದು ಬ್ರಷ್ ಪುಕ್ಕಟೆ ಕೊಟ್ಟೇ ಮಾತು ಶುರುಮಾಡುತ್ತಿದ್ದರು. ಕೈಗೆ ಏನನ್ನಾದರೂ ಕೊಟ್ಟವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅವರದು ಪ್ರಾಮಾಣಿಕ ವ್ಯಾಪಾರವೇ. ಆದರೆ ಈ ದಾಕ್ಷಿಣ್ಯದ ಬಲ ವಂಚಕರಿಗೂ ಗೊತ್ತು.

ನಮ್ಮ ಊರುಗಳ ಚಿನ್ನದ ಪಾಲಿಶ್ ಮೋಸವನ್ನೇ ನೋಡಿ. ಮನೆಯಲ್ಲಿ ವಯಸ್ಸಾದವರು ಮಾತ್ರ ಇರುವ ಹೊತ್ತು ನೋಡಿ ಇಬ್ಬರು ಬರುತ್ತಾರೆ. "ಅಮ್ಮಾ, ಕಂಪನಿ ಪ್ರಚಾರಕ್ಕೆ ಬಂದಿದೀವಿ, ದುಡ್ಡು ಬೇಡ, ಪೌಡರ್ ತೋರಿಸ್ತೀವಿ ಅಷ್ಟೇ" ಅನ್ನುತ್ತಾರೆ. ದೇವರ ಮನೆಯ ಹಿತ್ತಾಳೆ ದೀಪ, ತಾಮ್ರದ ಚೊಂಬು ಕಣ್ಣೆದುರೇ ಫಳಫಳ ಹೊಳೆಯುತ್ತವೆ. ಮುಂದಿನ ಸರದಿ ಬೆಳ್ಳಿ ಕಾಲ್ಗೆಜ್ಜೆಯದು. ಅದೂ ಚೆನ್ನಾಗಿ ಬೆಳಗಿದ ಮೇಲೆ ಕೈಬಳೆ, ಕೊರಳ ಸರದ ಮಾತು ಬರುತ್ತದೆ. ಈ ಸಲ ಅವರು ತೆಗೆಯುವ ದ್ರಾವಣ ಬೇರೆ. ಸುಮಾರು ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ಆಕ್ವಾ ರೀಜಿಯಾ. ಈ ಎರಡು ಆಮ್ಲಗಳಲ್ಲಿ ಯಾವುದೊಂದಕ್ಕೂ ಬಂಗಾರ ಜಗ್ಗುವುದಿಲ್ಲ, ಎರಡೂ ಸೇರಿದರೆ ಕರಗುತ್ತದೆ. ಬಳೆ ನೋಡಲು ಬಳೆಯಂತೆಯೇ ಇರುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಒಡವೆಯನ್ನು ಅರಿಶಿನದ ನೀರಿನ ಜೊತೆ ಡಬ್ಬಿಗೋ ಕುಕ್ಕರಿಗೋ ಹಾಕಿ, "ಸ್ವಲ್ಪ ಹೊತ್ತು ಮುಚ್ಚಳ ತೆಗೀಬೇಡಿ" ಎಂದು ಹೇಳಿ ಹೊರಡುತ್ತಾರೆ. ಕರಗಿದ ಬಂಗಾರ ದ್ರಾವಣದೊಳಗೇ ಇರುತ್ತದೆ. ಫೆರಸ್ ಸಲ್ಫೇಟ್ ಹಾಕಿದರೆ ಅದು ಪುಡಿಯಾಗಿ ತಳಕ್ಕಿಳಿಯುತ್ತದೆ.

"ಅಷ್ಟೂ ಗೊತ್ತಾಗಲಿಲ್ವಾ?" ಎಂದು ಮನೆಮಂದಿ ಆ ಹಿರಿಯರನ್ನು ಗದರುವುದು ನನಗೆ ಬಹಳ ನೋವಿನ ಸಂಗತಿ. ಹಾಗೆ ಬೈಸಿಕೊಂಡವರು ಠಾಣೆಯ ಮೆಟ್ಟಿಲು ಹತ್ತಲೂ ಹಿಂಜರಿಯುತ್ತಾರೆ. ಮನೆಗೆ ಬಂದವರನ್ನು ಮಾತಾಡಿಸುವುದು, ನೀರು ಬೇಕೇ ಎಂದು ಕೇಳುವುದು ಅವರು ಕಲಿತುಬಂದ ನಡತೆ. ತಪ್ಪು ಅದನ್ನು ಬಳಸಿಕೊಂಡವರದು.

ಹಾಗೆಂದು ಬಂದವರ ಮುಖ, ಮಾತು, ಬಟ್ಟೆ ನೋಡಿ ಅನುಮಾನಿಸಲು ಹೊರಟರೆ ಅನಾಹುತ ಖಂಡಿತ. 1933ರ ಡಿಸ್ನಿ ಕಾರ್ಟೂನ್ 'ತ್ರೀ ಲಿಟಲ್ ಪಿಗ್ಸ್'ನಲ್ಲಿ ತೋಳ ಬಾಗಿಲು ತಟ್ಟುವುದು ಯಹೂದಿ ಮಾರಾಟಗಾರನ ವೇಷದಲ್ಲಿ. ಒಂದು ಜನಾಂಗವನ್ನೇ ವಂಚಕರೆಂದು ಚಿತ್ರಿಸಿದ ಆ ಭಾಗವನ್ನು 1948ರಲ್ಲಿ ಮತ್ತೆ ಬರೆದು, ತೋಳವನ್ನು ಫುಲ್ಲರ್ ಬ್ರಷ್ ಮಾರುವವನನ್ನಾಗಿ ಮಾಡಿದರು. ನಮ್ಮಲ್ಲಿ ಆದದ್ದು ಕಾರ್ಟೂನಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು.

ಆದ್ದರಿಂದಲೇ ಮನೆ ಬಾಗಿಲ ಮಾರಾಟದ ಕಾನೂನುಗಳು ಬೆಳೆದ ದಾರಿ ನನಗೆ ಮುಖ್ಯವೆನಿಸುತ್ತದೆ. ಬಂದವರು ಯಾರು ಎಂಬುದಕ್ಕಿಂತ ಹೇಗೆ ಬಂದರು, ಏನು ತೋರಿಸಿದರು, ಯೋಚಿಸಲು ಎಷ್ಟು ಸಮಯ ಕೊಟ್ಟರು ಎಂದು ಅವು ಕೇಳುತ್ತವೆ. ಬ್ರಿಟನ್ನಿನ 1964ರ ಕಾಯ್ದೆಯೊಂದು, ಕಂತಿನ ಖರೀದಿಗೆ ಮನೆಯಲ್ಲೇ ಸಹಿ ಹಾಕಿದವರಿಗೆ ಮನಸ್ಸು ಬದಲಿಸಲು ನಾಲ್ಕು ದಿನ ಕೊಟ್ಟಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1972ರಲ್ಲಿ ರೂಪಿಸಿ 1974ರಲ್ಲಿ ಜಾರಿಗೆ ತಂದ ನಿಯಮದಲ್ಲಿ ಅದು ಮೂರು ಕೆಲಸದ ದಿನ. ಯುರೋಪಿನಲ್ಲಿ 1985ರಲ್ಲಿ ಏಳು ದಿನವಿದ್ದದ್ದು ಈಗ ಹದಿನಾಲ್ಕು ದಿನಕ್ಕೆ ಬಂದಿದೆ.

ನಮ್ಮ ದೇಶದಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಮಧ್ಯಮವರ್ಗದ ಮನೆಗೆ ಪರಿಚಿತನಾದದ್ದು, 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಬಾಗಿಲಿಗೆ ಬಂದ ಮೇಲೆ. ಕಾನೂನು ಬಂದದ್ದು ತಡವಾಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2021ರ ಡಿಸೆಂಬರ್ 28ರಂದು ನೇರ ಮಾರಾಟದ ನಿಯಮಗಳು ಹೊರಬಿದ್ದವು. ಗುರುತಿನ ಚೀಟಿ ಇಲ್ಲದೆ, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳದೆ ಅಥವಾ ಒಪ್ಪಿಗೆ ಪಡೆಯದೆ ಮಾರಾಟ ಪ್ರತಿನಿಧಿ ಗ್ರಾಹಕರ ಮನೆಗೆ ಹೋಗಕೂಡದು ಎಂದು ಅವುಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ತಾನು ಯಾರು, ಯಾವ ಕಂಪನಿ, ಬಂದ ಉದ್ದೇಶವೇನು ಎಂದು ಮಾತಿನ ಮೊದಲಿಗೇ ಹೇಳಬೇಕು. ಬಾಗಿಲ ಸರಪಳಿ ತೆಗೆಯದೆ "ಕಾರ್ಡ್ ತೋರಿಸಿ" ಎಂದರೆ ಅದು ಒರಟುತನವಲ್ಲ, ನಿಯಮವನ್ನು ನೆನಪಿಸಿದಂತೆ.

ಈ ನಿಯಮಗಳು ಪ್ರತಿನಿಧಿಗಳ ಜಾಲ ಕಟ್ಟಿ ಮಾರುವ ಕಂಪನಿಗಳಿಗೆ ಮಾತ್ರ. ಹೂವು, ಸೊಪ್ಪು ಹೊತ್ತು ಬೀದಿಯಲ್ಲಿ ಬರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ, ಅದು ಇರಲೇಬೇಕು. ಗ್ಯಾಸ್ ಕಂಪನಿಯಿಂದ ತಪಾಸಣೆಗೆ ಬಂದಿದ್ದೇವೆ ಎಂದು ಪೈಪು, ರೆಗ್ಯುಲೇಟರ್ ಮಾರುವವರ ವಿಷಯ ಬೇರೆ. ಅವರನ್ನು ಹೊರಗೇ ನಿಲ್ಲಿಸಿ, ಸಿಲಿಂಡರ್ ಬಿಲ್ಲಿನಲ್ಲಿರುವ ಏಜೆನ್ಸಿಯ ನಂಬರಿಗೆ ಫೋನ್ ಮಾಡಿ ಕೇಳಬೇಕು, ಅವರೇ ಕೊಟ್ಟ ನಂಬರಿಗಲ್ಲ.

ಏನನ್ನೇ ಕೊಂಡರೂ ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಹಾಗೆಯೇ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಂದವರು ಬಾಗಿಲಲ್ಲೇ ಬೆದರಿಸಿದರೆ 112ಕ್ಕೆ ಕರೆ ಮಾಡಬೇಕು.

ಒಂದು ಕೊರತೆ ಮಾತ್ರ ಉಳಿದಿದೆ. ಹೀಗೆ ಮನಸ್ಸು ಬದಲಿಸಲು ಕೊಡುವ ಕಾಲದ, ಅಂದರೆ ಕೂಲಿಂಗ್ ಆಫ್ ಅವಧಿಯ, ಮಾತು ನಮ್ಮ 2021ರ ನಿಯಮಗಳಲ್ಲೂ ಇದೆ. ಆದರೆ ಅದು ಕಂಪನಿಗೆ ಪ್ರತಿನಿಧಿಯಾಗಿ ಸೇರಿದವರು ಒಪ್ಪಂದದಿಂದ ಹಿಂದೆ ಸರಿಯಲು ಕೊಟ್ಟ ಕಾಲ. ವಸ್ತುವಿನಲ್ಲಿ ದೋಷವಿಲ್ಲದಿದ್ದರೂ, ಬಲವಂತಕ್ಕೋ ದಾಕ್ಷಿಣ್ಯಕ್ಕೋ ಕೊಂಡೆ, ಬೇಡ ಎಂದು ಹಿಂದಿರುಗಿಸಲು ಗ್ರಾಹಕರಿಗೆ ಇಂತಿಷ್ಟು ದಿನವೆಂಬ ಹಕ್ಕು ಅದರಿಂದ ಸಿಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮುಂದಿನ ತಿದ್ದುಪಡಿಯಲ್ಲಿ, ಮನೆ ಬಾಗಿಲಲ್ಲಿ ಕೊಂಡವರಿಗೆ ಕನಿಷ್ಠ ಮೂರು ದಿನವನ್ನಾದರೂ ಕೊಡಬೇಕು.