ಕೆಸರಿನ ಹಲಗೆ, ಹಿಮದ ಹಲಗೆ

ಹಾಸನ ಜಿಲ್ಲೆಯ ಅರಸೀಕೆರೆಯಿಂದ ಹಳೇಬೀಡು, ಬೇಲೂರುಗಳ ಕಡೆಗೆ ಪಯಣಿಸುವವನಿಗೆ ನೆಲದ ಗುಣ ಬದಲಾಗುವುದು ಗೋಚರವಾಗುತ್ತದೆ. ಅರಸೀಕೆರೆಯ ಸುತ್ತ ತೆಂಗು, ರಾಗಿಗಳ ಬಯಲುಸೀಮೆ. ಬೇಲೂರಿನಿಂದಾಚೆಗೆ ಕಾಫಿ, ಭತ್ತಗಳ ಮಲೆನಾಡು. ನೆಲಕ್ಕೆ ತಕ್ಕಂತೆ ಉಪಕರಣವೂ ಬೇರೆಯಾಗುತ್ತದೆ. ರಾಗಿಯ ಹೊಲದ ಮಣ್ಣನ್ನು ಸಡಿಲಿಸಲು ಕುಂಟೆ ಬೇಕು. ಭತ್ತದ ಗದ್ದೆಯ ಕೆಸರನ್ನು ಮಟ್ಟಗೊಳಿಸಲು ಹಲಗೆ ಬೇಕು. ಹಲಗೆಗೆ ಭಾರ ಸಾಲದಿದ್ದಾಗ ರೈತನು ತಾನೇ ಅದರ ಮೇಲೆ ನಿಂತು ಎತ್ತುಗಳನ್ನು ನಡೆಸುವುದುಂಟು. ಕೆಸರಿನ ಮೇಲೆ ಜಾರುವ ವಿದ್ಯೆಯು ಹೀಗೆ ಬೇಸಾಯದ ಕೆಲಸದಲ್ಲಿಯೇ ಅಡಗಿದೆ.

ಬೇಲೂರಿನಿಂದ ಪಶ್ಚಿಮಕ್ಕೆ ಸಾಗಿ ಘಟ್ಟವನ್ನಿಳಿದರೆ ಈ ವಿದ್ಯೆಯೇ ಸ್ಪರ್ಧೆಯಾಗಿ ಬೆಳೆದಿರುವುದನ್ನು ಕಾಣಬಹುದು. ಅದೇ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಪ್ರದೇಶಗಳ ಕಂಬಳ. ನೀರು ತುಂಬಿದ ಎರಡು ಕೆಸರಿನ ಕರೆಗಳಲ್ಲಿ ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುತ್ತವೆ. ಓಟವು ಗಂತಿನಲ್ಲಿ ಆರಂಭವಾಗಿ ಮಂಜೊಟ್ಟಿಯಲ್ಲಿ ಕೊನೆಗೊಳ್ಳುತ್ತದೆ.

ಕೋಣಗಳ ಹಿಂದೆ ಕಟ್ಟುವ ಸಾಧನಕ್ಕನುಸಾರವಾಗಿ ಈ ಸ್ಪರ್ಧೆಯಲ್ಲಿ ನಾಲ್ಕು ಮುಖ್ಯ ವಿಭಾಗಗಳಿವೆ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಟಗಾರನು ಓಡುತ್ತಾನೆ. ನೇಗಿಲಿನ ವಿಭಾಗದಲ್ಲಿ ಹಗುರವಾದ ನೇಗಿಲನ್ನು ಹಿಡಿದು ಓಡುತ್ತಾನೆ. ಅದರ ತುದಿ ಕೆಸರನ್ನು ಸೀಳುವುದರಿಂದ ಎಳೆತ ಹೆಚ್ಚು. ಅಡ್ಡಹಲಗೆಯಲ್ಲಿ ಅವನು ಓಡುವುದೇ ಇಲ್ಲ. ಅಡ್ಡಲಾಗಿ ಕಟ್ಟಿದ ಹಲಗೆಯ ಮೇಲೆ ನಿಂತು ಜಾರುತ್ತಾನೆ. ಹಲಗೆಯ ಅಗಲವು ಅವನ ಭಾರವನ್ನು ಹರಡುವುದರಿಂದ ಅದು ಕೆಸರಿನಲ್ಲಿ ಹೂತುಹೋಗುವುದಿಲ್ಲ. ಕನೆಹಲಗೆಯ ರೀತಿಯೇ ಬೇರೆ. ಅದರಲ್ಲಿ ಎರಡು ರಂಧ್ರಗಳಿರುತ್ತವೆ. ಓಟಗಾರನು ಅದರ ಮೇಲೆ ಒಂಟಿಕಾಲೂರಿ ನಿಂತಾಗ ಒತ್ತಡಕ್ಕೆ ಸಿಕ್ಕಿದ ನೀರು ಆ ರಂಧ್ರಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎಂಬ ಎತ್ತರಗಳಲ್ಲಿ ಕಟ್ಟಿದ ನಿಶಾನೆಗೆ ನೀರು ಮುಟ್ಟಿತೇ ಎಂಬುದೇ ಇಲ್ಲಿನ ಪರೀಕ್ಷೆ. ಆದಕಾರಣ ಹಗ್ಗದ ಕೋಣಗಳನ್ನೂ ಕನೆಹಲಗೆಯ ಕೋಣಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು.

ಹಿಮನಾಡುಗಳಲ್ಲಿಯೂ ಇದಕ್ಕೆ ಸಮಾನವಾದ ನೀತಿಯುಂಟು. ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಪಾದಗಳಿಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಪರ್ಧೆಗಳು ಅಲ್ಲಿ ನಡೆಯುತ್ತವೆ. ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ತಿರುತಿರುಗಿ ಸಾಗುವ ಸ್ಲಾಲಂ ಓಟಕ್ಕೆ ಗಿಡ್ಡ ಹಲಗೆ ಅನುಕೂಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪುರುಷರಿಗೆ ಅದರ ಕನಿಷ್ಠ ಉದ್ದ 165 ಸೆಂಟಿಮೀಟರು. ಅತಿವೇಗದ ಡೌನ್‌ಹಿಲ್ ಓಟಕ್ಕೆ 218 ಸೆಂಟಿಮೀಟರು. ಸ್ಕೀ ಮತ್ತು ಪಾದರಕ್ಷೆಯ ನಡುವೆ ಪ್ಲೇಟನ್ನು ಇರಿಸುತ್ತಾರೆ. ಅದು ಪಾದವನ್ನು ಎತ್ತರಿಸುವುದರಿಂದ ತಿರುವಿನಲ್ಲಿ ವಾಲಿದಾಗ ಪಾದರಕ್ಷೆ ಹಿಮಕ್ಕೆ ತಗಲುವ ಸಂಭವ ಕಡಿಮೆಯಾಗುತ್ತದೆ. ಬೈಂಡಿಂಗ್ ಪಾದರಕ್ಷೆಯನ್ನು ಹಿಡಿದಿಡುತ್ತದೆ. ಬಿದ್ದಾಗ ಕಾಲು ಮುರಿಯದಂತೆ ತಾನಾಗಿ ಬಿಟ್ಟುಕೊಡುತ್ತದೆ. ಇಂತಹ ಎರಡು ಸ್ಕೀಗಳಲ್ಲಿ ಯಾವುದು ಉತ್ತಮವೆಂದು ತಿಳಿಯಬೇಕಾದರೆ ಸವಾರ, ಇಳಿಜಾರು, ಪ್ಲೇಟು, ಬೈಂಡಿಂಗುಗಳೆಲ್ಲ ಒಂದೇ ಆಗಿರಬೇಕು. ಬೆಳಗಿನ ಗಟ್ಟಿ ಹಿಮದಲ್ಲಿ ಒಂದನ್ನೂ ಮಧ್ಯಾಹ್ನದ ಮೆತ್ತನೆಯ ಹಿಮದಲ್ಲಿ ಇನ್ನೊಂದನ್ನೂ ಪರೀಕ್ಷಿಸಿದರೆ ಪರೀಕ್ಷೆಗೊಳಗಾಗುವುದು ಹಿಮವೇ ಹೊರತು ಸ್ಕೀ ಅಲ್ಲ.

ಈ ನೀತಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ನಿದರ್ಶನವೊಂದುಂಟು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕಹಾಕಿದವರಿಗೆ 9.55 ಸೆಕೆಂಡು ಎಂಬ ಉತ್ತರ ಬಂದಿತು. ಉಸೇನ್ ಬೋಲ್ಟರು 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಬೋಲ್ಟರ ದಾಖಲೆ ಮುರಿಯಿತೆಂದು ದೇಶವೇ ಸಂಭ್ರಮಿಸಿತು. ಆದರೆ ಬೋಲ್ಟರು ಗಟ್ಟಿನೆಲದ ಮೇಲೆ ಕೇವಲ ಸ್ವಂತ ಕಾಲುಗಳ ಬಲದಿಂದ ಓಡಿದರು. ಗೌಡರೊಂದಿಗೆ ಎರಡು ಕೋಣಗಳ ಬಲವಿತ್ತು, ಪಾದದಡಿಯಲ್ಲಿ ಕೆಸರಿತ್ತು. ಗೌಡರಿಗೆ ಕ್ರೀಡಾ ಪ್ರಾಧಿಕಾರದ ಓಟದ ಪರೀಕ್ಷೆಗೆ ಆಹ್ವಾನ ಬಂದಾಗ, ಕಂಬಳದ ಓಟವೇ ಬೇರೆ, ಆ ಓಟವೇ ಬೇರೆ ಎಂದು ಅವರು ವಿನಯದಿಂದ ನಿರಾಕರಿಸಿದರು. ಹೊಗಳಿದವರಿಗಿಂತ ಹೊಗಳಿಸಿಕೊಂಡವರೇ ಹೋಲಿಕೆಯ ಮಿತಿಯನ್ನು ಚೆನ್ನಾಗಿ ಅರಿತಿದ್ದರು.

ಗಡಿಯಾರದ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿಯೂ ಕಂಬಳದಲ್ಲಿದೆ. ಅದು ಕೋಣದ ನೋವು. ಜಲ್ಲಿಕಟ್ಟು ಮೊದಲಾದ ಸ್ಪರ್ಧೆಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನೀಡಿದ ತೀರ್ಪಿನ ಬಳಿಕ ಕಂಬಳಕ್ಕೂ ತಡೆ ಒದಗಿತು. 2017ರಲ್ಲಿ ಕರ್ನಾಟಕದ ಶಾಸಕಾಂಗವು ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಕೋಣಗಳು ಘಟ್ಟವನ್ನೇರಿ, ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಓಡಿದವು.

ಕಾನೂನಿನ ಅನುಮತಿಯಿಂದ ಮನುಷ್ಯನ ಹೊಣೆ ಮುಗಿಯುವುದಿಲ್ಲ. ಹಗ್ಗ, ನೇಗಿಲು, ಹಲಗೆಗಳಲ್ಲಿ ಯಾವುದನ್ನು ಕಟ್ಟಿದರೂ ಎಳೆಯುವುದು ಜೀವವುಳ್ಳ ಪ್ರಾಣಿ. ಗಡಿಯಾರವು ವೇಗವನ್ನು ತೋರಿಸುತ್ತದೆ; ಬೆನ್ನಿನ ಮೇಲಿನ ಬಾಸುಂಡೆಯನ್ನು ತೋರಿಸುವುದಿಲ್ಲ. ಅದನ್ನು ಕಾಣಬೇಕಾದದ್ದು ಮನುಷ್ಯನ ಕಣ್ಣು.