ಮೇಲುಕೋಟೆ ಬೀದಿಯ ಪುಳಿಯೋಗರೆ

ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ನಾಗಮಂಗಲದತ್ತ ಹೊರಟರೆ ಜಕ್ಕನಹಳ್ಳಿಯಲ್ಲಿ ಮೇಲುಕೋಟೆಯ ದಾರಿ ಕವಲೊಡೆಯುತ್ತದೆ. ಬೆಟ್ಟ ಹತ್ತಿ ಚೆಲುವನಾರಾಯಣನ ದರ್ಶನ ಮುಗಿಸಿದವರು ಮೊದಲು ಹುಡುಕುವುದು ಪುಳಿಯೋಗರೆಯನ್ನು. ಸಕ್ಕರೆ ಪೊಂಗಲ್ ಆಮೇಲೆ.

12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿದ ಮೇಲೆ ಊರು ಶ್ರೀವೈಷ್ಣವರ ದೊಡ್ಡ ಕ್ಷೇತ್ರವಾಯಿತು. ಪುಳಿಯೋಗರೆ ಇಲ್ಲಿ ದೇವರ ಪ್ರಸಾದವೂ ಹೌದು, ಅಯ್ಯಂಗಾರರ ಮನೆ ಅಡುಗೆಯೂ ಹೌದು. ಹುಳಿ, ಉಪ್ಪು, ಎಣ್ಣೆ ಹಿಡಿದ ಅನ್ನ ಬೇಗ ಹಳಸದು. ಯಾತ್ರಿಕರ ಬುತ್ತಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಚೆಲುವನಾರಾಯಣನ ವೈರಮುಡಿ ಉತ್ಸವದ ರಾತ್ರಿ ಊರು ತುಂಬಿದಾಗ ಬೀದಿಯ ಜನರ ಹಸಿವು ತಣಿಸುವುದೂ ಇದೇ.

ಇದರ ಜೀವವಿರುವುದು ಗೊಜ್ಜಿನಲ್ಲಿ. ಹಳೆ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ, ಗಟ್ಟಿಯಾಗಿ ಕಿವುಚಿ, ಉಪ್ಪು, ಅರಿಸಿನ ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸಬೇಕು. ಬೆಲ್ಲ ಬೀಳುವುದು ಆಮೇಲೆ. ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಒಣಮೆಣಸಿನಕಾಯಿಯನ್ನು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ ಸೇರಿಸಬೇಕು. ಮೆಂತ್ಯ ಚಿಟಿಕೆಯಷ್ಟೇ ಸಾಕು, ಕೈ ಮುಂದಾದರೆ ಇಡೀ ಪಾತ್ರೆ ಕಹಿ. ಎಳ್ಳೆಣ್ಣೆಯಲ್ಲಿ ಇಂಗು, ಸಾಸಿವೆ, ಕಡಲೆಬೀಜ, ಕರಿಬೇವಿನ ಒಗ್ಗರಣೆ ಬಿದ್ದ ಮೇಲೂ ಉರಿ ಸಣ್ಣದಾಗಿಯೇ ಇರಲಿ. ಗೊಜ್ಜು ಕಪ್ಪಗಾಗಿ, ಅಂಚಿನಲ್ಲಿ ಎಣ್ಣೆ ಬಿಟ್ಟರೆ ಹದ ಬಂತೆಂದು ಅರ್ಥ. ಅಂಗಡಿಯ ದಿಢೀರ್ ಪುಡಿಗೆ ಈ ಹದ ಬಾರದು. ಒಲೆಯ ಮುಂದೆ ನಿಂತವರಿಗೇ ಅದು ಸಿಗುವುದು.

ಈ ರುಚಿಯ ಹಿಂದೆ ಸುತ್ತಲಿನ ನೆಲವೂ ಇದೆ. 1930ರ ದಶಕದಲ್ಲಿ ಕನ್ನಂಬಾಡಿ ಅಣೆಕಟ್ಟೆಯ ನಾಲೆ ನೀರು ಹರಿದ ಮೇಲೆ ಮಂಡ್ಯ, ಪಾಂಡವಪುರದ ಕಡೆ ಕಬ್ಬು ಹಬ್ಬಿತು, ಆಲೆಮನೆಗಳು ಎದ್ದವು. ಕೆ.ಆರ್. ಪೇಟೆ, ನಾಗಮಂಗಲದ ತೋಟಗಳಲ್ಲಿ ತೆಂಗು ಉಂಟು. ಪುಳಿಯೋಗರೆಗೆ ಬೇಕಾದ ಬೆಲ್ಲಕ್ಕೂ ಕೊಬ್ಬರಿಗೂ ಈ ಸೀಮೆಯವರು ದೂರ ಹೋಗಬೇಕಿಲ್ಲ.

ಮನೆಯಲ್ಲಿ ಮಾಡುವವರಿಗೆ ಒಂದೆರಡು ಮಾತು. ಅನ್ನ ಉದುರುದುರಾಗಿರಲಿ, ಅಗಲವಾದ ತಟ್ಟೆಗೆ ಹರವಿ, ಎಳ್ಳೆಣ್ಣೆ ಸವರಿ ಆರಲು ಬಿಡಿ. ಬಿಸಿ ಅನ್ನಕ್ಕೆ ಕಲಸಿದರೆ ಮುದ್ದೆಯಾಗುತ್ತದೆ. ಹುರಿದ ಎಳ್ಳಿನ ಪುಡಿ, ಕೊಬ್ಬರಿ ತುರಿಯನ್ನು ಕಲಸುವಾಗಲೇ ಹಾಕಿ. ಕಲಸಿದ ಕೂಡಲೇ ಬಡಿಸಬೇಡಿ, ಹುಳಿ ಅನ್ನಕ್ಕೆ ಹಿಡಿಯಲು ಹೊತ್ತು ಬೇಕು. ಉಳಿದ ಗೊಜ್ಜನ್ನು ಒಣ ಬಾಟಲಿಗೆ ತುಂಬಿಡಿ. ಒದ್ದೆ ಚಮಚ ತಾಗಿಸದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ.